ಹಂದಿಯ ತಲೆ ಯಾರಿಗೆ?

ಮೊನ್ನೆ ಒಬ್ಬರು ಫೋನ್ ಮಾಡಿ "ನಿಮ್ಮಲ್ಲಿ ಕೊಬ್ಬಿಲ್ಲದ ಪೋರ್ಕ್ ಸಿಗುತ್ತದಾ?" ಎಂದು ಕೇಳಿದರು. ಸಿಗುತ್ತದೆ, ಆದರೆ ಅದು ಕೊಬ್ಬಿಗೆ ಅಂಟಿಕೊಂಡೇ ಇರುತ್ತದೆ ಎಂದೆ. ಅವರು ನಗಲಿಲ್ಲ. ಆಮೇಲೆ ನನಗೂ ಸ್ವಲ್ಪ ಬೇಸರವಾಯಿತು. ಐದು ವರ್ಷದ ಹಿಂದೆ ನಾನೂ ಇದೇ ಕೊಬ್ಬಿಲ್ಲದ ಮಾಂಸ ಮಾರಲು ಹೋಗಿ ಕೈ ಸುಟ್ಟುಕೊಂಡವಳೇ. ಆ ಕತೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ನಮ್ಮದು ಉಡುಪಿ ಜಿಲ್ಲೆಯ ಶಿರ್ವದ ಹತ್ತಿರ ಸಣ್ಣ ಹಂದಿ ಫಾರ್ಮ್. ಫಾರ್ಮ್ ಅಂತ ಈಗ ಹೇಳುತ್ತೇವೆ, ಅಜ್ಜಿಯ ಕಾಲದಲ್ಲಿ ಅದು ಬರೀ ಹಂದಿಗೂಡು. ಮನೆಯ ಹಿಂದೆ ಕೆಂಪುಕಲ್ಲಿನ ಮೋಟು ಗೋಡೆ, ಮೇಲೆ ತೆಂಗಿನ ಮಡಲು, ಒಳಗೆ ಎರಡೋ ಮೂರೋ ಹಂದಿ. ಅಕ್ಕಚ್ಚು, ಗಂಜಿಯ ತಿಳಿ, ಮಳೆಗಾಲದಲ್ಲಿ ಹಲಸಿನ ರಚ್ಚೆ ತಿಂದು ಬೆಳೆಯುತ್ತಿದ್ದವು. ಒಂದು ಕ್ರಿಸ್ಮಸ್‌ಗೆ, ಒಂದು ಊರ ಚರ್ಚಿನ ವಾರ್ಷಿಕ ಹಬ್ಬ ಸಾಂತ್‌ಮಾರಿಗೆ, ಮನೆಯಲ್ಲಿ ಮದುವೆ ಬಂದರೆ ಇನ್ನೊಂದು, ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ಊಟಕ್ಕೆ. ಪಪ್ಪ ಕುವೈತ್ ಬಿಟ್ಟು ಬಂದ ಮೇಲೆ ಗೂಡನ್ನು ದೊಡ್ಡದು ಮಾಡಿದರು. ಹಂದಿಮಾಂಸದ ಹೆಸರೆತ್ತುವ ಹಾಗಿಲ್ಲದ ದೇಶದಲ್ಲಿ ಅಷ್ಟು ವರ್ಷ ದುಡಿದು ಬಂದು ಹಂದಿಯನ್ನೇ ಯಾಕೆ ಸಾಕಿದರು ಅಂತ ಯಾರಾದರೂ ಕೇಳಿದರೆ ಅಮ್ಮನ ಉತ್ತರ ಒಂದೇ: "ಅವರ ಆಸೆ ತೀರಿರಲಿಲ್ಲ."

ಈಗ ಎಂಟು ತಾಯಿ ಹಂದಿ, ಒಂದು ಗಂಡು. ಯಾರ್ಕ್‌ಶೈರ್, ಲ್ಯಾಂಡ್ರೇಸ್ ಮಿಶ್ರ ತಳಿ, ಬಿಳಿ ಹಂದಿಗಳು. ಎರಡು ದನವೂ ಇವೆ, ಅವುಗಳ ಹಾಲು ಡೈರಿಗೆ ಹೋಗುತ್ತದೆ. ದನದ ಮಾಂಸ ಇದೆಯಾ ಅಂತ ಕೇಳುವವರೂ ಇದ್ದಾರೆ. 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ನಮ್ಮ ರಾಜ್ಯದಲ್ಲಿ ದನ ಕಡಿಯುವಂತಿಲ್ಲ, 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಅನುಮತಿ. ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯುತ್ತದೆ.

ಮೊದಲೆಲ್ಲ ನಾವು ಮಾರುತ್ತಿದ್ದದ್ದು ದಲ್ಲಾಳಿಗೆ. ಅವನು ಪಿಕಪ್ ತರುತ್ತಿದ್ದ, ತಕ್ಕಡಿಯೂ ಅವನದೇ. ಜೀವ ಇರುವಾಗಿನ ತೂಕಕ್ಕೆ ಕೆಜಿಗೆ ಇಷ್ಟು ಅಂತ ಕೊಟ್ಟು ಹೋಗುತ್ತಿದ್ದ. ಅವನ ಮೇಲೆ ನನಗೆ ದೂರಿಲ್ಲ, ಮಳೆಯಲ್ಲೂ ಬರುತ್ತಿದ್ದ ಪಾಪ. ಆದರೆ 2020ರ ಲಾಕ್‌ಡೌನ್‌ನಲ್ಲಿ ಅವನೂ ಬರಲಿಲ್ಲ. ದಲ್ಲಾಳಿ ಬರಲಿಲ್ಲ ಅಂತ ಹಂದಿ ತಿನ್ನುವುದನ್ನು ಬಿಡುತ್ತದಾ? 100 ಕೆಜಿ ದಾಟಿದ ಮೇಲೆ ಹಂದಿಗೆ ಹಾಕಿದ ತೌಡು, ಜೋಳ, ಹಿಂಡಿಯೆಲ್ಲ ಹೆಚ್ಚುಹೆಚ್ಚಾಗಿ ಕೊಬ್ಬಿಗೇ ಹೋಗುತ್ತದೆ, ಖರ್ಚು ಏರುತ್ತದೆ, ಮಾಂಸ ಅಷ್ಟು ಏರುವುದಿಲ್ಲ. ಹನ್ನೊಂದು ಹಂದಿ ಹಾಗೇ ಕುಳಿತಿದ್ದವು. ನಾನು ಆಗ ಬೆಂಗಳೂರಿನ ಕೆಲಸದಿಂದ ಮನೆಗೆ ಬಂದು ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. "ಪಪ್ಪ, ನಾವೇ ಮಾರುವ" ಎಂದೆ. ಎಷ್ಟು ಸುಲಭದಲ್ಲಿ ಹೇಳಿದೆ!

ವಾಟ್ಸಾಪ್ ಗುಂಪು ಮಾಡಿದೆ. ಪಟ್ಟಿ ಹಾಕಿದೆ: ಕೊಬ್ಬಿಲ್ಲದ ಮಾಂಸ, ಪಕ್ಕೆಲುಬು, ಚಾಪ್ಸ್, ಲಿವರ್, ಹೀಗೆ. ಯಾರಿಗೆ ಏನು ಬೇಕೋ ಅದು, ತೂಕ ಮಾಡಿ, ಪ್ಯಾಕ್ ಮಾಡಿ, ಮನೆ ಬಾಗಿಲಿಗೆ. ನೋಡಲು ತುಂಬಾ ಚೆಂದ ಇತ್ತು ಆ ಪಟ್ಟಿ. ಮೊದಲ ಶನಿವಾರ ಎರಡು ಹಂದಿ ಕಡಿಸಿದೆವು. ಮಧ್ಯಾಹ್ನದೊಳಗೆ ಕೊಬ್ಬಿಲ್ಲದ ಮಾಂಸ ಪೂರ್ತಿ ಖಾಲಿ, ಇನ್ನೂ ಹತ್ತು ಜನ ಕೇಳುತ್ತಿದ್ದರು. ನನಗೆ ಖುಷಿಯೋ ಖುಷಿ. ಸಂಜೆ ಪಪ್ಪ ಏನೂ ಹೇಳದೆ ನನ್ನನ್ನು ಕರೆದು ಫ್ರೀಜರ್ ಮುಚ್ಚಳ ತೆಗೆದು ತೋರಿಸಿದರು. ಎರಡು ತಲೆ, ಎಂಟು ಕಾಲು, ಚರ್ಮ, ಎಲುಬು, ಮತ್ತೆ ಕೊಬ್ಬು. ಕೊಬ್ಬು ಅಂದರೆ ಎಷ್ಟು ಕೊಬ್ಬು!

ಲೆಕ್ಕ ಸುಮ್ನೆ ಹೇಳುತ್ತೇನೆ. 100 ಕೆಜಿಯ ಹಂದಿಯಲ್ಲಿ ರಕ್ತ, ಕೂದಲು, ಹೊಟ್ಟೆಯೊಳಗಿನದ್ದು ಎಲ್ಲ ಹೋದರೆ ಉಳಿಯುವುದು 70ರಿಂದ 75 ಕೆಜಿ. ಅದರಲ್ಲಿ ತಲೆ, ಕಾಲು, ಎಲುಬು, ಚರ್ಮ, ಕೊಬ್ಬು ಕಳೆಯಿರಿ. ಪಟ್ಟಿಯಲ್ಲಿ ಎಲ್ಲರೂ ಟಿಕ್ ಹಾಕುವ ಆ ಚೆಂದದ ಕೆಂಪು ಮಾಂಸ ಹಂದಿಯ ತೂಕದ ಅರ್ಧವೂ ಇರುವುದಿಲ್ಲ. ಉಳಿದದ್ದು ಮಾರದಿದ್ದರೆ ದಲ್ಲಾಳಿಗೆ ಕೊಟ್ಟಿದ್ದೇ ವಾಸಿ. ಇದು ನನಗೆ ಎಕ್ಸೆಲ್‌ನಲ್ಲಿ ಹೊಳೆಯಲಿಲ್ಲ, ಫ್ರೀಜರ್ ಮುಂದೆ ಹೊಳೆಯಿತು.

ಆಮೇಲೆ ಜುಲೈ ಬಂತು. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯಿತು, ಎರಡು ದಿನ ಬರಲಿಲ್ಲ. ಫ್ರೀಜರಿನಲ್ಲಿದ್ದದ್ದನ್ನೆಲ್ಲ ತೋಟದಲ್ಲಿ ಗುಂಡಿ ತೆಗೆದು ಹಾಕಿದೆವು. ಆ ಮೂಲೆಯ ತೆಂಗಿನಮರ ಈಗ ಬೇರೆಲ್ಲ ಮರಕ್ಕಿಂತ ಜಾಸ್ತಿ ಕಾಯಿ ಬಿಡುತ್ತದೆ, ನನ್ನ ಬಂಡವಾಳ ಅದು.

ಹಂದಿ ಕಡಿಯಲು ಬರುವ ಅಣ್ಣ ಒಬ್ಬರಿದ್ದಾರೆ, ಅಜ್ಜಿಯ ಕಾಲದಿಂದಲೂ ಅವರ ಮನೆಯವರೇ ಬರುವುದು. ತುಳುವಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಪಪ್ಪನಿಗೆ ಪೊರ್ಬು ಅನ್ನುತ್ತಾರೆ, ಅಮ್ಮನಿಗೆ ಬಾಯಮ್ಮ. ಗುಂಡಿಗೆ ಮಣ್ಣು ಎಳೆಯುತ್ತಾ ಅವರು ತುಳುವಿನಲ್ಲಿ ಹೇಳಿದ್ದು ಇಷ್ಟೇ: ಮೊದಲೆಲ್ಲ ಪಾಲು ಹಾಕುತ್ತಿದ್ದರು ಬಾಯಮ್ಮ, ಆಗ ನಾಯಿಗೆ ಹಾಕಲೂ ಏನೂ ಉಳಿಯುತ್ತಿರಲಿಲ್ಲ.

ಪಾಲು! ನಾನು ಚಿಕ್ಕವಳಿರುವಾಗ ನೋಡಿದ್ದೇ. ಅಂಗಳದಲ್ಲಿ ಬಾಳೆಎಲೆ ಸಾಲಾಗಿ ಹಾಸುತ್ತಿದ್ದರು. ಮಾಂಸ, ಚರ್ಮ, ಕೊಬ್ಬು, ಎಲುಬು, ಒಂದು ತುಂಡು ಲಿವರ್, ಎಲ್ಲವನ್ನೂ ಎಲ್ಲ ರಾಶಿಗೂ ಹಂಚುತ್ತಿದ್ದರು. ಯಾರಿಗೆ ಯಾವ ರಾಶಿ ಅಂತ ಆರಿಸುವಂತಿರಲಿಲ್ಲ. ಎಷ್ಟು ಮನೆಯವರು ಹಣ ಕೊಟ್ಟಿದ್ದಾರೋ ಅಷ್ಟು ರಾಶಿ, ಅಷ್ಟು ಮನೆ ತುಂಬದಿದ್ದರೆ ಹಂದಿ ಕಡಿಯುವುದೇ ಇಲ್ಲ. ನಾನು ಇದನ್ನು ಬಡವರ ಕಾಲದ ಪದ್ಧತಿ ಅಂದುಕೊಂಡಿದ್ದೆ. ನೋಡಿದರೆ ಫ್ರೀಜರ್ ಇಲ್ಲದವರು ಫ್ರೀಜರೇ ಬೇಡದ ಹಾಗೆ ಮಾಡಿಕೊಂಡಿದ್ದ ವ್ಯಾಪಾರ ಅದು.

ಪಟ್ಟಿ ಅಳಿಸಿದೆ. ಈಗ ನಮ್ಮಲ್ಲಿ ಸಿಗುವುದು ಪಾಲು, ಎರಡೂವರೆ ಕೆಜಿ. ಒಂದು ಹಂದಿಗೆ 25 ಪಾಲು. 25 ಮನೆ ಹೆಸರು ಕೊಟ್ಟು ಮುಂಗಡ ಹಾಕಿದ ಮೇಲೆ ಶುಕ್ರವಾರ ರಾತ್ರಿ ಅಣ್ಣನಿಗೆ ಫೋನ್. ಪಂಚಾಯಿತಿ ಪರವಾನಗಿ, ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಎಲ್ಲ ಮಾಡಿಸಿಕೊಂಡಿದ್ದೇವೆ, ಅದರ ಓಡಾಟ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತದೆ, ಬೇಡ.

ಅರ್ಧ ಗುಂಪು ಬಿಟ್ಟು ಹೋಯಿತು. ಹೋಗಲಿ. ಉಳಿದವರಲ್ಲಿ ಹೆಚ್ಚಿನವರು ಕುಲಶೇಖರ, ಬೆಂದೂರು, ಕಲ್ಯಾಣಪುರ ಕಡೆಯ ಆಂಟಿಯರು. ಅವರಿಗೆ ಪಾಠ ಹೇಳಬೇಕಾಗಿಲ್ಲ. ನಮ್ಮ ಹಂದಿ ಸಾರು ಬಫಾತಿಗೆ ಒಂದೇ ತುಂಡಿನಲ್ಲಿ ಚರ್ಮ, ಕೊಬ್ಬು, ಮಾಂಸ ಮೂರೂ ಬೇಕು ಅಂತ ಅವರಿಗೆ ಗೊತ್ತು. ಬಫಾತಿಗೆ ಎಣ್ಣೆ ಯಾರು ಹಾಕುತ್ತಾರೆ? ಅದರದ್ದೇ ಕೊಬ್ಬು ಕರಗಿ, ಈರುಳ್ಳಿ, ಶುಂಠಿ, ಹಸಿಮೆಣಸು, ಬಫಾತ್ ಹುಡಿ, ವಿನೆಗರ್ ಎಲ್ಲ ಅದರಲ್ಲೇ ಬೇಯಬೇಕು. ಮರುದಿನ ಸನ್ನದ (ನಮ್ಮ ಕಡೆಯ ಇಡ್ಲಿ) ಜೊತೆ ಇನ್ನೂ ರುಚಿ. ಬರೀ ಕೆಂಪು ಮಾಂಸ ಹಾಕಿ ಮಾಡಿದರೆ ಅದು ನಾರು ನಾರು, ಆಮೇಲೆ "ನಿಮ್ಮ ಹಂದಿ ಗಟ್ಟಿ" ಅಂತ ನಮಗೇ ಬರುತ್ತದೆ.

ಮಂಗಳೂರಿನ ಬಿಜೈ ಕಡೆಯ ಫ್ಲಾಟಿನವರು ಬೇರೆ. ಅವರಿಗೆ ಪಾಲಿನ ಜೊತೆ ಒಂದು ವಾಯ್ಸ್ ಮೆಸೇಜ್ ಕಳಿಸುತ್ತೇನೆ, ಕೊಬ್ಬನ್ನು ಏನು ಮಾಡಬೇಕು ಅಂತ. ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ, ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿ ಇಡಿ. ಅದರಲ್ಲಿ ಆಲೂಗಡ್ಡೆ ಹುರಿದು ನೋಡಿ, ಆಮೇಲೆ ಮಾತಾಡಿ.

ಪಾಲಿಗೆ ಸೇರದೆ ಉಳಿಯುವುದು ತಲೆ ಮತ್ತು ಕಾಲು. ಇದಕ್ಕೆ ಗಿರಾಕಿ ಸಿಕ್ಕಿದ್ದು ನಾನು ಎಣಿಸದ ಕಡೆಯಿಂದ. ಸುರತ್ಕಲ್‌ನಲ್ಲಿ ಓದುವ ನಾಗಾಲ್ಯಾಂಡಿನ ಹುಡುಗನೊಬ್ಬ ಹೇಗೋ ನಂಬರ್ ಹುಡುಕಿ "ಅಕ್ಕಾ, ತಲೆ ಇದೆಯಾ?" ಎಂದು ಕೇಳಿದ. ಅಕ್ಕಾ ಅನ್ನುವುದು ಮಾತ್ರ ಕನ್ನಡ, ಉಳಿದದ್ದು ಹಿಂದಿ. ಇದೆ ಎಂದೆ. ಕಾಲು? ಇದೆ. ಕರುಳು? ತೊಳೆದು ಕೊಡುತ್ತೇನೆ ಎಂದೆ. ಆ ಕಡೆ ಐದು ಸೆಕೆಂಡ್ ಮಾತಿಲ್ಲ, ಆಮೇಲೆ ಹಿಂದಿನಿಂದ ನಾಲ್ಕೈದು ಜನ ಕೂಗಿದ್ದು ಕೇಳಿಸಿತು. ಈಗ ಮಣಿಪಾಲದಲ್ಲೂ ಅವರದ್ದೊಂದು ಗುಂಪಿದೆ. ನಮ್ಮವರು ಮುಖ ಸಿಂಡರಿಸುವ ಭಾಗಕ್ಕೆ ಅವರು ಸರದಿ ಹಚ್ಚುತ್ತಾರೆ.

ಮತ್ತೆ ಮಂಗಳೂರಿನಲ್ಲಿರುವ ಕೊಡಗಿನ ಅಂಕಲ್ ಒಬ್ಬರು. ಕಾಚಂಪುಳಿ ಎಂಬ ಕೊಡಗಿನ ಹುಳಿ ಹಾಕಿ ಪಂದಿಕರಿ ಮಾಡುವವರು. ಅವರಿಗೆ ಚರ್ಮ ಬೇಕೇ ಬೇಕು, ಅದೂ ಬೆಂಕಿಯಲ್ಲಿ ಸುಟ್ಟದ್ದು. ನಮ್ಮಲ್ಲಿ ಬಿಸಿನೀರು ಹೊಯ್ದು ಕೆರೆಯುವುದು ರೂಢಿ. ಅದರಲ್ಲೂ ಒಂದು ಹದ ಇದೆ, 60ರಿಂದ 65 ಡಿಗ್ರಿ, ಕುದಿಯುವ ನೀರು ಹೊಯ್ದರೆ ಕೂದಲು ಬಿಡುವ ಬದಲು ಕಚ್ಚಿಕೊಳ್ಳುತ್ತದೆ. ಅಣ್ಣ ಥರ್ಮಾಮೀಟರ್ ಮುಟ್ಟುವುದಿಲ್ಲ. ಬೆರಳು ಮೂರು ಸಲ ಅದ್ದಲು ಆಗಬೇಕು, ನಾಲ್ಕನೇ ಸಲ ಆಗಬಾರದು, ಅದೇ ಅವರ ಲೆಕ್ಕ. ಕೊಡಗಿನ ಅಂಕಲ್ ಪಾಲು ಇರುವ ವಾರ ಕೆರೆದ ಮೇಲೆ ಒಣ ಮಡಲಿಗೆ ಬೆಂಕಿ ಹಾಕಿ ಒಂದು ಸುತ್ತು ಸುಡುತ್ತಾರೆ. ಈಗ ಆಂಟಿಯರೂ ಅದನ್ನೇ ಕೇಳಲು ಶುರು ಮಾಡಿದ್ದಾರೆ.

ನೇರ ಮಾರುವುದರ ಇನ್ನೊಂದು ಕಷ್ಟ, ತಪ್ಪಾದರೆ ಬೈಗುಳವೂ ನೇರ ಬರುತ್ತದೆ. ಒಂದು ವರ್ಷ ಹಿಂಡಿಯ ಬೆಲೆ ಏರಿತು ಅಂತ ಪಪ್ಪ ಮಲ್ಪೆಯಿಂದ ಒಣಮೀನಿನ ಹುಡಿ ತಂದು ಕೊನೆಯವರೆಗೂ ಹಾಕಿದರು. ಹಂದಿಗಳು ಚೆನ್ನಾಗಿ ಬಂದವು. ಭಾನುವಾರ ಪೂಜೆ ಮುಗಿದ ಹೊತ್ತಿಗೆ ಕುಲಶೇಖರದ ಆಂಟಿಯ ಫೋನ್: "ಏನಮ್ಮ ಇದು, ಬಫಾತ್ ಮಾಡಿದರೆ ಬಂಗುಡೆ ಪುಳಿಮುಂಚಿಯ ಪರಿಮಳ ಬರುತ್ತದೆ?" ಮೀನಿನ ಎಣ್ಣೆ ಹೋಗಿ ಕೂರುವುದು ಹಂದಿಯ ಕೊಬ್ಬಿನಲ್ಲೇ, ಎಷ್ಟು ಮಸಾಲೆ ಹಾಕಿದರೂ ಹೋಗುವುದಿಲ್ಲ. 25 ಮನೆಗೂ ಹಣ ವಾಪಸ್ ಮಾಡಿದೆವು. ಈಗ ಕೊನೆಯ ಒಂದೂವರೆ ತಿಂಗಳು ಮೀನಿನ ಹುಡಿ ಗೂಡಿನ ಹತ್ತಿರವೂ ಇಲ್ಲ. ದಲ್ಲಾಳಿಗೆ ಕೊಡುತ್ತಿದ್ದಾಗ ಇದೇ ಮೀನಿನ ಹುಡಿ ಹಾಕುತ್ತಿದ್ದೆವಲ್ಲ, ಆಗ ಯಾರ ಮನೆಯ ಬಫಾತ್ ಕೆಟ್ಟಿತೋ, ನಮಗೆ ಗೊತ್ತೇ ಆಗಲಿಲ್ಲ.

ಹೋಟೆಲಿನ ಉಳಿಕೆ ಊಟವನ್ನೂ ನಿಲ್ಲಿಸಿದ್ದೇವೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಮಿಗೆ ಬಂದಾಗ ನಮಗೆ ಅದು ದೂರದ ಸುದ್ದಿ. 2022ರ ಜುಲೈಯಲ್ಲಿ ವಯನಾಡಿಗೆ ಬಂದಾಗ ಪಪ್ಪ ನಿದ್ದೆ ಬಿಟ್ಟರು. ಮನುಷ್ಯರಿಗೆ ಅದು ಹರಡುವುದಿಲ್ಲ, ಆದರೆ ಹಂದಿಗೆ ಬಂದರೆ ಮದ್ದಿಲ್ಲ, ಗೂಡು ಪೂರ್ತಿ ಖಾಲಿ ಮಾಡಬೇಕು. ಸರಿಯಾಗಿ ಕುದಿಸದ ಎಂಜಲಿನಲ್ಲಿ ಹಂದಿಮಾಂಸದ ಒಂದು ಚೂರಿದ್ದರೂ ಸಾಕು, ಹೊರಗಿನವರ ಚಪ್ಪಲಿಗೆ ಅಂಟಿಯೂ ಬರಬಹುದು. ಹಾಗಾಗಿ ಮಕ್ಕಳನ್ನು ಕರೆದುಕೊಂಡು ಫಾರ್ಮ್ ನೋಡಲು ಬರುತ್ತೇವೆ ಅನ್ನುವವರಿಗೆ ಬೇಡ ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ. ವಿಡಿಯೋ ಕಾಲಿನಲ್ಲಿ ಮರಿ ತೋರಿಸುತ್ತೇನೆ, ಅಲ್ಲಿಗೆ ಸಮಾಧಾನ.

ಹೊಸಬರು ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ ಕ್ಯಾಲೆಂಡರ್ ಹಿಡಿದು ಕೂರಿ. ಹಂದಿಯ ಗರ್ಭ 114 ದಿನ, ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನೆನಪಿಡಬಹುದು. ಆಮೇಲೆ ಮರಿ ಬೆಳೆಯಲು ಏಳು ತಿಂಗಳು. ಕ್ರಿಸ್ಮಸ್ ಹಂದಿ ಬೇಕಿದ್ದರೆ ಜನವರಿ ಕೊನೆಗೆ, ಕಾರ್ಕಳದ ಅತ್ತೂರು ಚರ್ಚಿನ ಹಬ್ಬದ ಹೊತ್ತಿಗೆ, ಗಂಡಿಗೆ ಬಿಡಬೇಕು. ಜನ ಅತ್ತೂರಿಗೆ ಮೇಣದಬತ್ತಿ ಹಿಡಿದು ಹೋಗುತ್ತಿದ್ದರೆ ಪಪ್ಪ ಗೂಡಿನಲ್ಲಿ ದಿನ ಎಣಿಸುತ್ತಿರುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದ ನಲವತ್ತು ದಿನ ಎಷ್ಟೋ ಮನೆಯವರು ಮಾಂಸ ಬಿಡುತ್ತಾರೆ, 25 ಹೆಸರು ತುಂಬಲು ಎರಡು ವಾರ ಬೇಕು. ಈಸ್ಟರ್ ಆದದ್ದೇ ತಡ, ಗಲ್ಫಿನವರೆಲ್ಲ ರಜೆಗೆ ಬಂದು, ಮದುವೆ, ರೋಸ್ ಅಂತ ಒಂದೊಂದು ಮನೆಗೆ ಇಡೀ ಹಂದಿಯೇ ಹೋಗುತ್ತದೆ. ವಿಮಾನ ಇಳಿದು ಬಜ್ಪೆಯಿಂದಲೇ ಫೋನ್ ಮಾಡಿ ಪಾಲು ಕೇಳಿದವರಿದ್ದಾರೆ. ಅವರಿಗೆ ಸರದಿ ತಪ್ಪಿಸಿ ಕೊಡುತ್ತೇನೆ. ಕುವೈತ್ ಅಂದರೆ ಪಪ್ಪ ಬಿಡುವುದಿಲ್ಲ.

ಈ ವಾರ ಮಾತ್ರ ಹೊಸ ತಲೆನೋವು. ಕುಲಶೇಖರದ ಆಂಟಿ, ಅದೇ ಬಂಗುಡೆ ಪರಿಮಳದವರು, ಅವರ ತಾಯಿ ತಲೆಮಾಂಸ ಹಾಕಿ ಮಾಡುತ್ತಿದ್ದ ಸೊರ್ಪೊಟೆಲ್ ನೆನಪಾಯಿತಂತೆ. ತಲೆ ನನಗೇ ಬೇಕು ಅಂತ ಗುಂಪಿನಲ್ಲಿ ಹಾಕಿದ್ದಾರೆ. ಅದರ ಕೆಳಗೆ ಸುರತ್ಕಲ್‌ನ ಹುಡುಗ, "ಅಕ್ಕಾ, ನಾವು ಸೋಮವಾರವೇ ಹೇಳಿದ್ದೇವೆ" ಅಂತ ಹಿಂದಿಯಲ್ಲಿ. ಅದರ ಕೆಳಗೆ ಆಂಟಿಯದ್ದು ಕೈಮುಗಿದ ಒಂದು ಎಮೋಜಿ. ಶನಿವಾರಕ್ಕೆ ಕಡಿಯುವುದು ಒಂದೇ ಹಂದಿ. ಪಪ್ಪನನ್ನು ಕೇಳಿದರೆ, ಉದ್ದಕ್ಕೆ ಸೀಳಿ ಎರಡು ಪಾಲು ಮಾಡು, ಅದಕ್ಕೇನು, ಅನ್ನುತ್ತಾರೆ.