ಭಜನೆಯ ಡಿವಿಡಿಗೆ ಆರು ಚಾನೆಲ್

ಕಲಬುರಗಿ, 2 ಮೇ 2016, ಸೋಮವಾರ

ಒಂದೂವರೆ ತಾಸಿನ ತತ್ವಪದ ಭಜನೆ. ಏಕತಾರಿ, ದಮ್ಮಡಿ, ತಾಳ, ತಬಲಾ. ಮುಂದೆ ಹಾಡುವವರು, ಹಿಂದೆ ಸೊಲ್ಲು ಹಿಡಿಯುವವರು, ಅಂಗಳದ ತುಂಬ ಮಂದಿ. 5.1ಕ್ಕೆ, ಅಂದರೆ ಐದು ಸ್ಪೀಕರ್, ತಗ್ಗು ಸದ್ದಿನ ಒಂದು ಸಬ್‌ವೂಫರ್ (ಸಬ್) ಸೇರಿ ಆರು ಚಾನೆಲ್ ಧ್ವನಿಗೆ, ಹೇಳಿ ಮಾಡಿಸಿದ ಸಾಮಗ್ರಿ.

ಮೊದಲು ಫೈಲುಗಳ ತಪಾಸಣೆ. ಡಿವಿಡಿಯ ಒತ್ತಿದ ಧ್ವನಿಯ ರೂಪವಾದ ಡಾಲ್ಬಿ ಡಿಜಿಟಲ್‌ಗೆ 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಅಳತೆ), ಬೇಕೇ ಬೇಕು. 44.1ರಲ್ಲಿ ಬಂದದ್ದನ್ನು ಸರಿಯಾಗಿ ಪರಿವರ್ತಿಸಬೇಕು. ಅಂಕಿಯಷ್ಟೇ ಬದಲಿಸಿದರೆ ಹಾಡು ಶೇ. 9ರಷ್ಟು ಜೋರಾಗಿ ಓಡುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ.

ಆರೂ ಚಾನೆಲ್‌ಗಳನ್ನು ಬೇರೆ ಬೇರೆ ಮೋನೋ ವೇವ್ (ಒತ್ತದ ಧ್ವನಿಯ) ಫೈಲುಗಳಾಗಿಯೇ ಇಡುವುದು ಕ್ಷೇಮ. 24 ಬಿಟ್‌ನಲ್ಲಿ ಒಂದೇ ಫೈಲಿಗೆ ಹೊಂದಿಸಿದರೆ 83 ನಿಮಿಷ ಮುಟ್ಟುವ ಮೊದಲೇ ವೇವ್‌ನ 4 ಜಿಬಿ ಮಿತಿ ಮುಗಿಯುತ್ತದೆ. 90 ನಿಮಿಷದ ಭಜನೆಯ ಕೊನೆಯ ಪದವೇ ಕತ್ತರಿಸಿಹೋಗುತ್ತದೆ.

ಹೆಚ್ಚು ಕೆಲಸ ಕೆಡುವುದು ಚಾನೆಲ್ ಕ್ರಮದಲ್ಲಿ. ವೇವ್ ಕ್ರಮ: ಎಡ, ಬಲ, ನಡು, ಸಬ್, ಹಿಂದಿನ ಎಡ, ಹಿಂದಿನ ಬಲ. ಸಿನಿಮಾ ಕ್ರಮ: ಎಡ, ನಡು, ಬಲ, ಹಿಂದಿನ ಎಡ, ಹಿಂದಿನ ಬಲ, ಸಬ್. ಸಿನಿಮಾ ಕ್ರಮದ ಫೈಲನ್ನು ವೇವ್ ಎಂದು ಓದಿಸಿದರೆ ಹಾಡುಗಾರರು ಬಲಕ್ಕೆ ಸರಿಯುತ್ತಾರೆ, ಹಿಂದಿನ ಎಡದ ಮಂದಿ ಸಬ್‌ವೂಫರ್‌ನಲ್ಲಿ ಬರೀ ಗುಂಯ್ ಎನ್ನುತ್ತಾರೆ, ಹಿಂದಿನ ಬಲದಲ್ಲಿ ಗುಡುಗಷ್ಟೇ ಉಳಿಯುತ್ತದೆ. ಮೀಟರಿನಲ್ಲಿ ಆರೂ ಕಡ್ಡಿ ಕುಣಿಯುವುದರಿಂದ ತಪ್ಪು ಕಣ್ಣಿಗೆ ಬೀಳದು. ಪ್ರತಿ ಚಾನೆಲ್‌ನಲ್ಲೂ ಅದರದರ ಹೆಸರನ್ನು ಬಾಯಲ್ಲಿ ಹೇಳಿದ 12 ಸೆಕೆಂಡಿನ ತುಣುಕು ಮಾಡಿ, ಡಾಲ್ಬಿ ಡಿಜಿಟಲ್ ರೂಪಕ್ಕೆ ಎನ್‌ಕೋಡ್ ಮಾಡಿ, ಡಿವಿಡಿ-ಆರ್‌ಡಬ್ಲ್ಯೂಗೆ ಬರೆದು, ನಿಜವಾದ ಪ್ಲೇಯರಿನಲ್ಲಿ ಕೇಳಬೇಕು. "ನಡು" ಎಂಬ ಮಾತು ನಡುವಿನಿಂದಲೇ ಬಂದರೆ ಮುಂದಿನ ಕೆಲಸ.

ಮಧ್ಯಾಹ್ನವೆಲ್ಲ ಹಿಂದಿನ ಮೈಕ್‌ಗಳಿಗೇ ಹೋಯಿತು. ಅವು ಹಾಡುಗಾರರಿಂದ 15 ಮೀಟರ್ ದೂರ. ಸದ್ದು ಅಲ್ಲಿಗೆ ಮುಟ್ಟಲು ಸುಮಾರು 43 ಮಿಲಿಸೆಕೆಂಡ್. ಹಾಗೇ ಬಿಟ್ಟರೆ ತಾಳದ ಒಂದೊಂದು ಪೆಟ್ಟೂ ಎರಡೆರಡು ಸಲ ಕೇಳುತ್ತದೆ. ಹಿಂದಿನ ಎರಡೂ ಟ್ರ್ಯಾಕನ್ನು 1,440 ಸ್ಯಾಂಪಲ್, ಅಂದರೆ 30 ಮಿಲಿಸೆಕೆಂಡ್, ಮೊದಲೇ ಶುರುವಾಗುವಂತೆ ಎಳೆದರೆ ಪೆಟ್ಟು ಒಂದಾಗುತ್ತದೆ, ಅಂಗಳದ ಹರವು ಮಾತ್ರ ಉಳಿಯುತ್ತದೆ. ಹಿಂದಿನ ಚಾನೆಲ್ ಕೇಳುವಾಗ ಫ್ಯಾನ್ ಆರಿಸಲೇಬೇಕು. ಮೇ ತಿಂಗಳ ಕಲಬುರಗಿ ಬಿಸಿಲಿಗೆ ಅದು ಕಷ್ಟವೇ, ಆದರೆ ಫ್ಯಾನಿನ ಸದ್ದಿನಲ್ಲಿ ಕೈ ತಾನಾಗಿ ಮಂದಿಯ ಮಟ್ಟವನ್ನು ಏರಿಸಿಬಿಡುತ್ತದೆ.

ಈ ಡಿಸ್ಕು ಹೋಗುವ ಬಹುಪಾಲು ಮನೆಗಳಲ್ಲಿ ಇರುವುದು ಟಿವಿಯ ಎರಡು ಸ್ಪೀಕರ್. ಅಲ್ಲಿ ಪ್ಲೇಯರ್ ನಡುವಿನ ಚಾನೆಲನ್ನು 3 ಡೆಸಿಬಲ್ ಇಳಿಸಿ ಎರಡೂ ಬದಿಗೆ ಹಂಚುತ್ತದೆ, ಹಿಂದಿನವನ್ನೂ ಇಳಿಸಿ ಸೇರಿಸುತ್ತದೆ, ಸಬ್ ಚಾನೆಲನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತದೆ. ಆದ್ದರಿಂದ ತಬಲಾದ ಡಗ್ಗಾ ಮುಂದಿನ ಎಡ-ಬಲದಲ್ಲೇ ಪೂರ್ತಿ ಇರಬೇಕು. 120 ಹರ್ಟ್ಸ್‌ಗಿಂತ ಕೆಳಗಿನ ಚೂರು ಮಾತ್ರ ಸಬ್‌ಗೆ. ಸಬ್ ಖಾಲಿ ಬಿಟ್ಟರೂ ಭಜನೆಗೆ ಕೊರತೆಯಿಲ್ಲ. ಎರಡು ಸ್ಪೀಕರಿನಲ್ಲಿ ಪದದ ಅಕ್ಷರ ಅಕ್ಷರವೂ ತಿಳಿಯುವವರೆಗೆ ಮಿಕ್ಸ್ ಮುಗಿದಂತಲ್ಲ. ತತ್ವಪದದಲ್ಲಿ ಮಾತು ಕೇಳಿಸದಿದ್ದರೆ ಏನು ಕೇಳಿಸಿದರೂ ಉಪಯೋಗವಿಲ್ಲ.

ಎನ್‌ಕೋಡಿಂಗ್ ಬೇಗ ಮುಗಿಯಿತು. ಎಸಿ-3 (ಅದೇ ಡಾಲ್ಬಿ ಡಿಜಿಟಲ್), 448 ಕೆಬಿಪಿಎಸ್; ಡಿವಿಡಿಯಲ್ಲಿ ಇದಕ್ಕಿಂತ ಮೇಲೆ ಹೋಗುವಂತಿಲ್ಲ. 90 ನಿಮಿಷಕ್ಕೆ ಸುಮಾರು 302 ಎಂಬಿ. ಇದನ್ನೇ ಒತ್ತದ 16 ಬಿಟ್ ಪಿಸಿಎಂನಲ್ಲಿ ಇಟ್ಟರೆ 3 ಜಿಬಿ ದಾಟುತ್ತದೆ, 4.7 ಜಿಬಿ ಡಿಸ್ಕಿನಲ್ಲಿ ಚಿತ್ರಕ್ಕೆ ಸಾಕಷ್ಟು ಜಾಗ ಉಳಿಯದು. ಪೀಕ್ (ಅತಿ ಎತ್ತರದ ಮಟ್ಟ) ಮೈನಸ್ 3 ಡೆಸಿಬಲ್‌ಗೆ ನಿಲ್ಲಿಸಿದ್ದು ಎನ್‌ಕೋಡ್ ಆದ ಮೇಲೆ ತುಸು ಮೇಲೇರುವುದರಿಂದ.

ಡಯಲ್‌ನಾರ್ಮ್ ಅಂಕಿಯನ್ನು (ಹಾಡಿನ ಸರಾಸರಿ ಮಟ್ಟ ಎಷ್ಟೆಂದು ಪ್ಲೇಯರಿಗೆ ತಿಳಿಸುವುದು) ಅಳೆದೇ ಹಾಕಬೇಕು. ಹಲವು ತಂತ್ರಾಂಶಗಳು ತಾವಾಗಿ ಮೈನಸ್ 27 ಹಾಕುತ್ತವೆ, ಎಫ್‌ಎಫ್‌ಎಂಪೆಗ್ ಮೈನಸ್ 31. ಮೈನಸ್ 31 ಎಂದರೆ ಪ್ಲೇಯರ್ ಏನೂ ಇಳಿಸದು; ಮೈನಸ್ 27 ಎಂದರೆ 4 ಡೆಸಿಬಲ್ ಇಳಿಸುತ್ತದೆ. ಇಲ್ಲಿ ಹಾಡಿನ ಸರಾಸರಿ ಮಟ್ಟ ಮೈನಸ್ 24 ಬಂದಿದೆ, ಅದನ್ನೇ ಬರೆದಾಯಿತು. ಮೆನುವಿನ ಏಕತಾರಿ ತುಣುಕು ಇನ್ನೂ ಮೈನಸ್ 31ರಲ್ಲೇ ಕೂತಿದೆ. ಹೀಗೇ ಬಿಟ್ಟರೆ ಮೆನು ಅಬ್ಬರಿಸಿ, ಭಜನೆ ಶುರುವಾದ ಕೂಡಲೇ ಎಲ್ಲರೂ ರಿಮೋಟ್ ಹುಡುಕಬೇಕಾಗುತ್ತದೆ. ನಾಳೆ ಬೆಳಗ್ಗೆ ಅದನ್ನು ಅಳೆದು ಮತ್ತೆ ಎನ್‌ಕೋಡ್ ಮಾಡುವುದು.