ರೈನ್‌ಬೆಕ್ ಉಣ್ಣೆ ಜಾತ್ರೆಗೆ ಹೊರಟಿದ್ದೀರಾ? ಅಂಗಡಿಗಿಂತ ಮೊದಲು ಟೀಚರ್‌ನ್ನು ಹುಡುಕಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ವಯಸ್ಸಿನವರ ಆರು ತಿಂಗಳು ಹೇಗೆ ಕಳೆಯುತ್ತದೆ ಎಂದು ಹೋಗಿಬಂದವರಿಗೆ ಗೊತ್ತು. ಮೊದಲ ತಿಂಗಳು ನಯಾಗರಾ, ಎರಡನೆಯದು ದೇವಸ್ಥಾನ ಮತ್ತು ಪರಿಚಯದವರ ಮನೆ ಊಟ, ಮೂರನೆಯ ತಿಂಗಳಿಂದ ಕಿಟಕಿ. ನಾನು ಕಿಟಕಿ ಪಕ್ಕ ಕೂತು ಕಸೂತಿ ಹಾಕುತ್ತಿದ್ದೆ. ಅದನ್ನು ನೋಡಿಯೇ ಮಗಳು ಒಂದು ದಿನ, "ಅವ್ವಾ, ನಿನಗಂತನ ಹೇಳಿ ಮಾಡಿಸಿದ ಜಾತ್ರಿ ಒಂದದ, ಹೋಗೋಣೇನ?" ಅಂದಳು.

ನ್ಯೂಯಾರ್ಕ್ ಸ್ಟೇಟ್ ಶೀಪ್ ಅಂಡ್ ವೂಲ್ ಫೆಸ್ಟಿವಲ್ ಎಂಬುದು ಅದರ ಪೂರ್ಣ ಹೆಸರು. ಆದರೆ ಹೆಣಿಗೆಯವರ ಬಾಯಲ್ಲಿ ಬರೀ 'ರೈನ್‌ಬೆಕ್'. ಹಡ್ಸನ್ ನದಿಯ ಪೂರ್ವ ದಂಡೆಯ ಪುಟ್ಟ ಊರು ಅದು. ಊರ ಪಕ್ಕದ ಡಚೆಸ್ ಕೌಂಟಿ ಜಾತ್ರೆ ಮೈದಾನದಲ್ಲಿ ಪ್ರತಿ ವರ್ಷ ಅಕ್ಟೋಬರ್‌ನ ಮೂರನೇ ವಾರಾಂತ್ಯಕ್ಕೆ ನಡೆಯುತ್ತದೆ. ನಡೆಸುವವರು ಆ ಕೌಂಟಿಯ ಕುರಿ ಸಾಕುವವರ ಸಂಘದವರೇ.

ಹೆಚ್ಚಿನವರು ಹೋಗುವುದು ನೂಲು ಕೊಳ್ಳಲಿಕ್ಕೆ. ಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳ ಮಾತು ಕೇಳುವುದಾದರೆ, ಅಲ್ಲಿ ನೋಡಬೇಕಾದ್ದು ಟೀಚರ್‌ಗಳನ್ನು. ಜಾತ್ರೆಯ ಜೊತೆಗೇ ನೂಲುವುದು, ನೇಯುವುದು, ಹೆಣೆಯುವುದು, ಬಣ್ಣ ಹಾಕುವುದು, ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಗೊಂಬೆ ಮಾಡುವುದು, ಹೀಗೆ ತರಗತಿಗಳು ನಡೆಯುತ್ತವೆ. ಶನಿವಾರ ಜಾತ್ರೆಯ ಬಾಗಿಲು ತೆರೆಯುವ ಮೊದಲೇ ಕೆಲವು ತರಗತಿ ಶುರುವಾಗಿರುತ್ತವೆ. ಇವುಗಳಿಗೆ ತಿಂಗಳುಗಟ್ಟಲೆ ಮೊದಲೇ ಹೆಸರು ಹಚ್ಚಬೇಕು. ಹೋದ ಮೇಲೆ ನೋಡಿದರಾಯಿತು ಅಂದುಕೊಂಡರೆ ಜಾಗ ಸಿಗುವುದಿಲ್ಲ. ನಮಗೂ ಮೊದಲು ಆರಿಸಿದ್ದು ಸಿಗಲಿಲ್ಲ.

ಸಂದರ್ಶಕರ ವೀಸಾದಲ್ಲಿ ಹೋದವರು ತರಗತಿಗೆ ಸೇರಬಹುದೇ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ಹವ್ಯಾಸಕ್ಕಾಗಿ ಕಲಿಯುವ, ಪದವಿಗೆ ಲೆಕ್ಕಕ್ಕಿಲ್ಲದ ಇಂಥ ಸಣ್ಣ ತರಗತಿಗೆ ಅಡ್ಡಿಯಿಲ್ಲ. ಆದರೆ ನಿಮ್ಮ ಕೈಕೆಲಸ ಅಲ್ಲಿ ಮಾರಲಿಕ್ಕೆ ಹೋಗಬೇಡಿ. ನನ್ನ ಶಾಲು ನೋಡಿ ಇಬ್ಬರು ಬೆಲೆ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಮಗಳು ನನ್ನ ಮೊಣಕೈ ಚಿವುಟಿದಳು.

ಈಗ ದಾರಿ. ನಾವು ನ್ಯೂಜೆರ್ಸಿಯಿಂದ ಶುಕ್ರವಾರ ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಮೊಮ್ಮಗನನ್ನು ಅಳಿಯನ ಕೈಗೆ ಕೊಟ್ಟು ಬಂದದ್ದರಿಂದ ಇಬ್ಬರಿಗೂ ಶಾಲೆ ತಪ್ಪಿಸಿಕೊಂಡ ಹುಡುಗಿಯರ ಹುರುಪು. 87ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ, ಕಿಂಗ್‌ಸ್ಟನ್ ಹತ್ತಿರ 19ನೇ ಎಕ್ಸಿಟ್‌ನಲ್ಲಿ ಇಳಿದು, ಕಿಂಗ್‌ಸ್ಟನ್-ರೈನ್‌ಕ್ಲಿಫ್ ಸೇತುವೆ ದಾಟಿದರೆ ಆಚೆ ದಡವೇ ರೈನ್‌ಬೆಕ್ ಕಡೆ. ಆ ಸೇತುವೆಯ ಮೇಲಿಂದ ನೋಡಿದರೆ ಎರಡೂ ದಂಡೆಯ ಕಾಡು ಕುಂಕುಮ, ಅರಿಶಿನ, ಕಾವಿ. ಎಲೆ ಬಣ್ಣ ತಿರುಗುವ ಕಾಲಕ್ಕೇ ಜಾತ್ರೆ ಬೀಳುವುದರಿಂದ ಎಲೆ ನೋಡುವವರ ಕಾರುಗಳೂ ಇದೇ ರಸ್ತೆಗೆ ಬರುತ್ತವೆ.

ಕಾರಿಲ್ಲದವರಿಗೆ ರೈಲಿದೆ. ನ್ಯೂಯಾರ್ಕ್ ನಗರದ ಪೆನ್ ಸ್ಟೇಷನ್‌ನಿಂದ ಆಮ್‌ಟ್ರಾಕ್ ಹತ್ತಿದರೆ ಸುಮಾರು ಒಂದೂ ಮುಕ್ಕಾಲು ಗಂಟೆಗೆ ರೈನ್‌ಕ್ಲಿಫ್ ನಿಲ್ದಾಣ. ಹೋಗುವಾಗ ಎಡಗಡೆ ಕೂತುಕೊಳ್ಳಿ, ದಾರಿಯುದ್ದಕ್ಕೂ ನದಿ ಕಾಣುತ್ತದೆ. ಆದರೆ ನಿಲ್ದಾಣದಿಂದ ಮೈದಾನ ಕೆಲವು ಮೈಲಿ ದೂರ. ಸಣ್ಣ ಊರು, ಟ್ಯಾಕ್ಸಿ ಸಾಲುಗಟ್ಟಿ ನಿಂತಿರುವುದಿಲ್ಲ, ಮೊದಲೇ ಹೇಳಿಟ್ಟುಕೊಳ್ಳಬೇಕು. ಗ್ರ್ಯಾಂಡ್ ಸೆಂಟ್ರಲ್‌ನಿಂದ ಮೆಟ್ರೋ-ನಾರ್ತ್ ಹಿಡಿದರೆ ಟಿಕೆಟ್ಟಿಗೆ ಖರ್ಚು ಕಡಿಮೆ. ಆದರೆ ಅದು ಸಾಮಾನ್ಯವಾಗಿ ಪೊಕೀಪ್ಸಿಗೇ ನಿಲ್ಲುತ್ತದೆ, ಅಲ್ಲಿಂದ ಮತ್ತೆ ಅರ್ಧ ಗಂಟೆಯ ಕಾರು ದಾರಿ. ಎಲ್ಲಕ್ಕಿಂತ ಸುಲಭ ಎಂದರೆ, ನಿಮ್ಮ ಮಕ್ಕಳ ಊರಿನ ನೂಲಿನ ಅಂಗಡಿಯಲ್ಲಿ ವಿಚಾರಿಸುವುದು. ಕೆಲವು ಅಂಗಡಿಯವರು ಒಂದು ದಿನದ ಬಸ್ಸು ಮಾಡುತ್ತಾರೆ.

ರೈನ್‌ಬೆಕ್ ಊರೊಳಗೆ ವಸತಿಯ ಆಸೆ ಬಿಡಿ. ವರ್ಷದ ಮೊದಲೇ ಭರ್ತಿ, ಸಿಕ್ಕರೂ ಕಿಸೆ ಹರಿಯುತ್ತದೆ. ನಾವು ನದಿಯಾಚೆ ಕಿಂಗ್‌ಸ್ಟನ್‌ನಲ್ಲಿ ಉಳಿದೆವು.

ನನ್ನ ಮೊದಲ ತರಗತಿ ಕೈಕದಿರಿನಿಂದ ಉಣ್ಣೆ ನೂಲುವುದು. ಸಣ್ಣವಳಿದ್ದಾಗ ಶಾಲೆಯಲ್ಲಿ ತಕಲಿ ಹಿಡಿದು ಹತ್ತಿ ನೂತವಳು ನಾನು. ನಮ್ಮ ಓಣಿಗೆ ಕಂಬಳಿ ಮಾರಲು ಬರುತ್ತಿದ್ದ ಕುರುಬರ ಅಜ್ಜಿ ಮಾತಾಡುತ್ತಲೇ ಕೈಯಲ್ಲಿ ಉಣ್ಣೆ ನೂಲುತ್ತಿದ್ದುದನ್ನೂ ನೋಡಿದ್ದೇನೆ. ಇದರಲ್ಲಿ ಕಲಿಯುವುದೇನಿದೆ, ಸುಮ್ಮನೆ ಕೈ ತಿರುಗಿಸಿ ಬರೋಣ ಎಂಬ ಗರ್ವದಲ್ಲೇ ಹೋದೆ. ಹತ್ತು ಜನ, ಗುಂಡಾಗಿ ಹಾಕಿದ ಕುರ್ಚಿಗಳು. ಟೀಚರ್‌ಗೆ ಎಪ್ಪತ್ತರ ಹತ್ತಿರದ ವಯಸ್ಸು. ಹೆಸರು ಹಿಡಿದೇ ಕರೆಯಿರಿ ಅಂದರು. ನನಗೆ ನಾಲಿಗೆ ಹೊರಳಲಿಲ್ಲ, ಕೊನೆಯವರೆಗೂ 'ಟೀಚರ್' ಅಂತಲೇ ಕರೆದೆ.

ನೂಲಲು ಬಾಚಿ ಇಟ್ಟ ಉಣ್ಣೆಯ ಹಂಜಿ ಕೊಟ್ಟರು. ಕದಿರು ತಿರುಗಿಸಿದೆ, ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ, ಹಂಜಿ ಹಗ್ಗದ ಹಾಗೆ ಬಿಗಿದು ನಿಂತಿತು. ಇನ್ನೂ ಜೋರು ಮಾಡಿದಾಗ ಪಟಕ್ಕನೆ ಬಿಟ್ಟು ಕದಿರು ನೆಲಕ್ಕೆ ಬಿದ್ದು ಟೇಬಲ್ಲಿನ ಕೆಳಗೆ ಉರುಳಿತು. ಹೀಗೆ ನಾಲ್ಕೈದು ಸಲ. ಪಕ್ಕದಲ್ಲಿ ಹದಿನಾಲ್ಕರ ಹುಡುಗಿ ಆಗಲೇ ಒಂದು ಮೊಳ ನೂತಿದ್ದಳು.

ಟೀಚರ್ ಬಂದು ನನ್ನ ಮುಂದೆ ಮೊಣಕಾಲೂರಿ ಕೂತರು. ಏನೂ ಹೇಳಲಿಲ್ಲ. ಹಂಜಿಯ ತುದಿಯಿಂದ ನಾಲ್ಕು ಎಳೆ ಹಿಂಜಿ ತೆಗೆದು ನನ್ನ ಅಂಗೈ ಮೇಲೆ ಉದ್ದಕ್ಕೆ ಇಟ್ಟರು. ಮಣಿಕಟ್ಟಿನಿಂದ ಹೊರಟ ಎಳೆ ಬೆರಳುಗಳ ಬುಡ ದಾಟಿತ್ತು. ಆಮೇಲೆ ನನ್ನ ಎರಡೂ ಕೈ ಹಿಡಿದು, ಒಂದರಿಂದೊಂದನ್ನು ಆ ಎಳೆಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು ದೂರ ಸರಿಸಿದರು. ಹಂಜಿ ಬೆಣ್ಣೆಯ ಹಾಗೆ ಜಾರಿತು.

ಹತ್ತಿಯ ಎಳೆ ಎರಡು-ಮೂರು ಸೆಂಟಿಮೀಟರ್. ಆದ್ದರಿಂದ ತಕಲಿ ಹಿಡಿದವರ ಬೆರಳುಗಳು ಹತ್ತಿರ ಹತ್ತಿರವೇ ಇರುತ್ತವೆ. ಇಲ್ಲಿ ಕೊಟ್ಟ ಉಣ್ಣೆ ಅದರ ಮೂರು-ನಾಲ್ಕು ಪಟ್ಟು ಉದ್ದ. ಒಂದೇ ಎಳೆಯ ಎರಡೂ ತುದಿಯನ್ನು ನಾನೇ ಎರಡು ಕೈಯಲ್ಲಿ ಹಿಡಿದು, ನಾನೇ ಜಗ್ಗಾಡುತ್ತಿದ್ದೆ! ಅರವತ್ತು ವರ್ಷದ ಹಿಂದೆ ಕಲಿತದ್ದು ಕೈಯಿಂದ ಹೋಗಿರಲಿಲ್ಲ, ಅದೇ ಅಡ್ಡ ಬಂದಿತ್ತು.

ಆಮೇಲೆ ಅವರು ಇಡೀ ಗುಂಪಿಗೆ ಒಂದು ಉಪಾಯ ಹೇಳಿಕೊಟ್ಟರು. ಕದಿರು ತಿರುಗಿಸಿ ಹುರಿ ತುಂಬಿಸಿ, ಮೊಣಕಾಲುಗಳ ನಡುವೆ ಸಿಕ್ಕಿಸಿ ನಿಲ್ಲಿಸಿ, ಆಮೇಲೆ ನಿಧಾನಕ್ಕೆ ಎಳೆ ಬಿಡಿ. ತಿರುಗಿಸುವುದು ಒಂದು ಕೆಲಸ, ಎಳೆಯುವುದು ಇನ್ನೊಂದು, ಎರಡನ್ನೂ ಒಮ್ಮೆಗೇ ಮಾಡಹೋಗಬೇಡಿ. ಒಂದನೇ ಇಯತ್ತೆಯ ಮಕ್ಕಳಿಗೆ ಮೊದಲು ಗೀಟು, ಆಮೇಲೆ ಅಕ್ಷರ ಎಂದು ನಾವು ಮಾಡಿಸುತ್ತಿದ್ದುದೂ ಇದನ್ನೇ. ಅರ್ಧ ದಿನ ಮುಗಿಯುವಾಗ ನನ್ನ ಕದಿರಿನ ಮೇಲೆ ಒಂದು ಕಡೆ ದಾರ, ಒಂದು ಕಡೆ ಹಗ್ಗ, ಮಧ್ಯೆ ಹುಳ ತಿಂದ ಹಾಗೆ ಗಂಟು ಇರುವ ನೂಲು ಸುತ್ತಿತ್ತು. ಟೀಚರ್ ಅದನ್ನು ಬಿಚ್ಚಬೇಡಿ, ಹಾಗೇ ಇಟ್ಟುಕೊಳ್ಳಿ, ಕೈ ಪಳಗಿದ ಮೇಲೆ ಬೇಕೆಂದರೂ ಇಂಥದ್ದು ನೂಲಲಿಕ್ಕೆ ಬರುವುದಿಲ್ಲ ಅಂದರು.

ಎರಡನೆಯ ತರಗತಿ ಶನಿವಾರ, ಕ್ರೋಶಾ ಲೇಸು. ಇಲ್ಲಿ ತಪ್ಪು ನನ್ನದೇ, ಅದಕ್ಕೇ ವಿವರವಾಗಿ ಹೇಳುತ್ತೇನೆ. ಕೆಲವು ತರಗತಿಗಳಿಗೆ 'ಹೋಮ್‌ವರ್ಕ್' ಇರುತ್ತದೆ. ಡಬಲ್ ಕ್ರೋಶೆಯಲ್ಲಿ ಒಂದು ಚೌಕ ಹಾಕಿಕೊಂಡು ಬನ್ನಿ ಎಂದಿತ್ತು, ಹಾಕಿಕೊಂಡು ಹೋದೆ. ಎಲ್ಲರ ಚೌಕ ಜಾಳುಜಾಳಾಗಿ ಎತ್ತರವಾಗಿದ್ದರೆ ನನ್ನದು ಗೋಣಿತಟ್ಟಿನಂತೆ ಗಿಡ್ಡ, ಗಟ್ಟಿ. ನಾನು ಕಲಿತ ಹಳೆಯ ಪುಸ್ತಕಗಳಲ್ಲಿದ್ದದ್ದು ಹೆಣಿಗೆಗಳ ಬ್ರಿಟಿಷ್ ಹೆಸರುಗಳು. ಬ್ರಿಟಿಷರ ಡಬಲ್ ಎಂದರೆ ಅಮೆರಿಕದವರಿಗೆ ಸಿಂಗಲ್, ಬ್ರಿಟಿಷರ ಟ್ರೆಬಲ್ ಎಂದರೆ ಇವರ ಡಬಲ್. ಊರಲ್ಲಿ ಕಲಿತು ಹೋಗುವವರು ಇದೊಂದನ್ನು ಚೀಟಿಯಲ್ಲಿ ಬರೆದು ಸೂಜಿ ಡಬ್ಬಿಯಲ್ಲಿಟ್ಟುಕೊಳ್ಳಿ. ನಾನು ಮತ್ತೆ ಚೌಕ ಹಾಕುವುದರೊಳಗೆ ಪಾಠ ಅರ್ಧ ಮುಂದೆ ಹೋಗಿತ್ತು.

ಆ ಟೀಚರ್ ದೊಡ್ಡ ಕೈಗಾರ್ತಿ, ಅನುಮಾನವಿಲ್ಲ. ಮೈಮೇಲೆ ಹಾಕಿದ್ದ ಲೇಸು ನೋಡಿದರೆ ಕಣ್ಣು ಕೀಳಲಾಗದು. ಆದರೆ ಇಪ್ಪತ್ತಕ್ಕೂ ಹೆಚ್ಚು ಜನ, ಅವರು ಎದುರಿಗೆ ನಿಂತು ಹಾಕಿ ತೋರಿಸುತ್ತಿದ್ದರು, ಹಿಂದಿನ ಸಾಲಿಗೆ ಬೆರಳು ಕಾಣುತ್ತಿರಲಿಲ್ಲ. ಕಂಡರೂ ಎದುರಿಂದ ನೋಡಿದ್ದನ್ನು ಮನಸ್ಸಿನಲ್ಲಿ ತಿರುವಿಕೊಳ್ಳಬೇಕು. ಕೈಕೆಲಸ ಕಲಿಸುವವರು ಕಲಿಯುವವರ ಪಕ್ಕ ಬಂದು, ಅದೇ ದಿಕ್ಕಿಗೆ ಮುಖ ಮಾಡಿ ಕೂರಬೇಕು. ಇದು ನನ್ನ ಹಟ, ಬದಲಾಗುವುದಿಲ್ಲ.

ಅದಕ್ಕೇ ಹೇಳುವುದು, ತರಗತಿ ಆರಿಸುವಾಗ ಟೀಚರ್ ಎಷ್ಟು ಹೆಸರುವಾಸಿ ಎಂದು ನೋಡಬೇಡಿ. ಎಷ್ಟು ಜನರಿಗೆ ಸೀಮಿತ ಎಂದು ನೋಡಿ. ವಿವರಣೆಯಲ್ಲಿ ನೀವು ಮಾಡುವ ಕೆಲಸ ಬರೆದಿದೆಯೋ, ಬರೀ ಅವರ ಸಾಧನೆ ಬರೆದಿದೆಯೋ ಗಮನಿಸಿ. ಸಾಮಗ್ರಿಯ ದುಡ್ಡು ಶುಲ್ಕದಲ್ಲೇ ಸೇರಿದೆಯೋ ಅಥವಾ ಅಲ್ಲಿ ಕೈಗೆ ಕೊಡಬೇಕೋ ಓದಿಕೊಳ್ಳಿ. ನಿಮಗೆ ಊರಲ್ಲಿ ಬರುವ ಕೆಲಸವಾದರೂ ಆರಂಭಿಕರ ತರಗತಿಯನ್ನೇ ಹಿಡಿಯಿರಿ. ಇಂಗ್ಲಿಷ್ ವೇಗವಾಗಿ ಹೋದಾಗ ಕೈಗಾದರೂ ಪಾಠ ಸಿಗುತ್ತದೆ. ಎರಡು ದಿನಕ್ಕೆ ಒಂದೇ ತರಗತಿ ಸಾಕು. ನಾನು ಎರಡು ಹಾಕಿಕೊಂಡು ಶನಿವಾರದ ಅರ್ಧ ಜಾತ್ರೆ ಕಳೆದುಕೊಂಡೆ.

ಉಳಿದರ್ಧದಲ್ಲಿ ಕಂಡದ್ದು: ಕೊಟ್ಟಿಗೆಗಳಲ್ಲಿ ತರಹೇವಾರಿ ಕುರಿ, ಆಡು, ಅಲ್ಪಾಕ. ಎಲ್ಲರ ಮೈಮೇಲೂ ಸ್ವಂತ ಹೆಣೆದ ಸ್ವೆಟರು. ಈ ಜಾತ್ರೆಗೆಂದೇ ಹೆಣೆಯುವ 'ರೈನ್‌ಬೆಕ್ ಸ್ವೆಟರ್' ಎಂಬ ಪದ್ಧತಿಯೇ ಇದೆಯಂತೆ, ಹಿಂದಿನ ರಾತ್ರಿವರೆಗೂ ತೋಳು ಸೇರಿಸುತ್ತಿರುತ್ತಾರಂತೆ. ನಾನು ಹೊದ್ದದ್ದು ಕಸೂತಿ ಹಾಕಿದ ಶಾಲು. ಮೊದಲ ದಿನವೇ ನೂಲಿನ ಟೀಚರ್ ಅದರ ಸೆರಗು ಹಿಡಿದವರು ಮೇಲಿನ ಗೋಪುರ, ಆನೆ ನೋಡಲಿಲ್ಲ. ತಕ್ಷಣ ತಿರುವಿ ಹಿಂಬದಿ ನೋಡಿದರು. ಅಲ್ಲಿಗೆ ನನಗೆ ಇವರು ಯಾರೆಂದು ಗೊತ್ತಾಯಿತು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹಿಂದೂ ಮುಂದೂ ಒಂದೇ. ಅವರು 'ಹೋಲ್‌ಬೈನ್' ಅಂದರು, ನಾನು 'ಗವಂತಿ' ಅಂದೆ. ಹದಿನಾರನೇ ಶತಮಾನದ ಚಿತ್ರಕಾರ ಹಾನ್ಸ್ ಹೋಲ್‌ಬೈನ್ ಬರೆದ ಇಂಗ್ಲೆಂಡಿನ ಆಸ್ಥಾನದವರ ಕುಪ್ಪಸದ ಕಾಲರಿನಲ್ಲಿ ಇದೇ ಹೊಲಿಗೆ ಕಾಣುತ್ತದೆ, ಅದರಿಂದ ಆ ಹೆಸರು. ಕಸೂತಿಯ ಉಳಿದ ಹೊಲಿಗೆಗಳಾದ ಮುರಗಿ, ನೇಯ್ಗಿ, ಮೆಂತೆ ಮೂರನ್ನೂ ಕಾಗದದ ಮೇಲೆ ಬರೆದು ತೋರಿಸು ಎಂದು ಕೂರಿಸಿಕೊಂಡರು. ಊಟದ ಬಿಡುವು ಅದಕ್ಕೇ ಹೋಯಿತು. ನೀವೂ ನಿಮ್ಮ ಕೈಕೆಲಸದ್ದೊಂದು ತುಣುಕು ಚೀಲದಲ್ಲಿ ಇಟ್ಟುಕೊಂಡು ಹೋಗಿ. ಅಲ್ಲಿ ಅದಕ್ಕಿಂತ ಒಳ್ಳೆಯ ಇಂಗ್ಲಿಷ್ ಇಲ್ಲ.

ಸಸ್ಯಾಹಾರಿಗಳು ಪೂರ್ತಿ ಉಪವಾಸ ಬೀಳುವುದಿಲ್ಲ. ಹಿಟ್ಟಿನಲ್ಲಿ ಅದ್ದಿ ಕರಿದ ಆರ್ಟಿಚೋಕ್ ಎಂಬ ತರಕಾರಿ ಅಲ್ಲಿ ಪ್ರಸಿದ್ಧ. ಬಜ್ಜಿ ಅಂದುಕೊಂಡು ತಿನ್ನಿ, ಉಪ್ಪು-ಖಾರ ಮಾತ್ರ ನಿರೀಕ್ಷಿಸಬೇಡಿ. ಸರದಿ ಬಲು ಉದ್ದ, ಆದ್ದರಿಂದ ನಾವು ಚಪಾತಿ-ಶೇಂಗಾ ಚಟ್ನಿ ಒಯ್ದದ್ದು ಒಳ್ಳೆಯದಾಯಿತು. ಬೆಳಿಗ್ಗೆ ಹಲ್ಲು ಕಟಕಟಿಸುವ ಚಳಿ, ಮಧ್ಯಾಹ್ನ ಬಿಸಿಲು. ಒಂದರ ಮೇಲೊಂದು ಹಾಕಿ, ಬಿಚ್ಚುತ್ತಾ ಹೋಗಿ. ನೆಲ ಹುಲ್ಲು, ಮಳೆ ಬಂದರೆ ಕೆಸರು. ಚಪ್ಪಲಿ ಬೇಡವೇ ಬೇಡ, ಸೀರೆಯಾದರೆ ಒಂದು ಗೇಣು ಎತ್ತಿ ಉಡಿ. ಶನಿವಾರ ಬೆಳಿಗ್ಗೆ ಕಾರು ಆಮೆಯ ಹಾಗೆ ಸರಿಯುತ್ತದೆ. ತರಗತಿ ಇಲ್ಲದವರು ಭಾನುವಾರ ಹೋದರೆ ಉಸಿರಾಡಲು ಜಾಗ ಇರುತ್ತದೆ.

ಕೊಳ್ಳುವ ವಿಷಯ. ಕುರಿಯ ಮೈಯಿಂದ ಕತ್ತರಿಸಿದ ಇಡೀ ಉಣ್ಣೆ ಮಾರುವ ಕಡೆ ಜನ ಬೆಳಿಗ್ಗೆಯಿಂದಲೇ ಸಾಲು ನಿಂತಿರುತ್ತಾರೆ. ಜಿಡ್ಡು, ಕಸ, ಹಿಕ್ಕೆಯ ವಾಸನೆ ಎಲ್ಲಾ ಸಮೇತ. ಆಸೆಯಾದರೂ ಊರಿಗೆ ತರುವ ಯೋಚನೆ ಬೇಡ. ತೊಳೆಯದ ಉಣ್ಣೆ ಪ್ರಾಣಿಜನ್ಯ ವಸ್ತು, ವಿಮಾನ ನಿಲ್ದಾಣದಲ್ಲಿ ತಕರಾರು ಬಂದೀತು. ತೊಳೆದು ಬಾಚಿದ ಹಂಜಿ ಅಥವಾ ನೂಲು ತನ್ನಿ, ಒತ್ತಿದರೆ ಎಷ್ಟು ಬೇಕಾದರೂ ಸೂಟ್‌ಕೇಸಿನ ಮೂಲೆಯಲ್ಲಿ ಕೂರುತ್ತದೆ. ಕದಿರು, ಕತ್ತರಿ, ಕಡ್ಡಿಗಳನ್ನು ಕೈಚೀಲದಲ್ಲಿ ಇಡದೆ ದೊಡ್ಡ ಪೆಟ್ಟಿಗೆಗೆ ಹಾಕಿ. ನನ್ನ ಕದಿರನ್ನು ಎರಡು ರವಿಕೆಗಳ ನಡುವೆ ಸುತ್ತಿ ತಂದೆ. ಅದರ ಮೇಲೆ ಆ ಗಂಟುಗಂಟಿನ ನೂಲು ಇನ್ನೂ ಹಾಗೇ ಇದೆ, ಬಿಚ್ಚಿಲ್ಲ.