ಎಕ್ಸ್-ಪ್ಲೇನ್ ಸೀನರಿ: ಮುಂಬೈ, ಪುಣೆ, ಗೋವಾ ಆಯ್ತು, ಮಂಗಳೂರು ಬಾಕಿ

ಎಕ್ಸ್-ಪ್ಲೇನ್ 12 ಎಂಬ ವಿಮಾನ ಹಾರಾಟದ ಸಿಮ್ಯುಲೇಟರಿನಲ್ಲಿ ಮುಂಬೈಯಿಂದ ಮಂಗಳೂರಿನವರೆಗೆ ಕರಾವಳಿಯ ನೆಲ, ವಿಮಾನ ನಿಲ್ದಾಣ ಎಲ್ಲ ಚೆನ್ನಾಗಿ ಕಾಣಬೇಕು. ಈ ಮಳೆಗಾಲಕ್ಕೆ ನಾನು ಹಿಡಿದಿರುವ ಕೆಲಸ ಇದು. ಡೊಂಬಿವಲಿಯಲ್ಲಿ ಭಾನುವಾರ ಹೊರಗೆ ಕಾಲಿಡೋ ಹಾಗಿಲ್ಲ, ಹಾಗಾಗಿ ಕೆಲಸ ಬೇಗ ಸಾಗುತ್ತಿದೆ.

ಪ್ಯಾಕೇಜ್ ಹಾಕುವುದರಲ್ಲಿ ಏನೂ ಕಷ್ಟವಿಲ್ಲ. ಜಿಪ್ ಬಿಚ್ಚಿ ವಿಮಾನವನ್ನು ಏರ್‌ಕ್ರಾಫ್ಟ್ ಫೋಲ್ಡರಿಗೆ, ಪ್ಲಗಿನ್ನನ್ನು ರಿಸೋರ್ಸಸ್ ಒಳಗಿನ ಪ್ಲಗಿನ್ಸ್‌ಗೆ, ಉಳಿದ ಸೀನರಿಯನ್ನು, ಅಂದರೆ ನೆಲ, ನಿಲ್ದಾಣಗಳ ಫೈಲುಗಳನ್ನು, ಕಸ್ಟಮ್ ಸೀನರಿಗೆ ಹಾಕಿದರೆ ಮುಗೀತು. ತಲೆಬಿಸಿ ಶುರುವಾಗುವುದು ಕಸ್ಟಮ್ ಸೀನರಿಯೊಳಗಿನ ಒಂದು ಪುಟ್ಟ ಫೈಲಿನಿಂದ. ಅದರ ಹೆಸರು ಸೀನರಿ ಪ್ಯಾಕ್ಸ್ ಐಎನ್‌ಐ. ಯಾವ ಪ್ಯಾಕೇಜಿನ ಮಾತು ಮೊದಲು ನಡೆಯಬೇಕು ಅನ್ನೋದು ಅಲ್ಲಿ ಸಾಲಾಗಿ ಇರುತ್ತದೆ. ಮೇಲಿದ್ದದ್ದೇ ಗೆಲ್ಲುತ್ತದೆ. ಹೊಸದಾಗಿ ಏನೇ ಹಾಕಿದರೂ ಎಕ್ಸ್-ಪ್ಲೇನ್ ಅದನ್ನು ಪಟ್ಟಿಯ ಎಲ್ಲಕ್ಕಿಂತ ಮೇಲೆ ಸೇರಿಸುತ್ತದೆ. ವಿಮಾನ ನಿಲ್ದಾಣವಾದರೆ ಸರಿ. ಆರ್ಥೋ4ಎಕ್ಸ್‌ಪಿ ಎಂಬ ತಂತ್ರಾಂಶದಲ್ಲಿ ಮಾಡಿದ ಉಪಗ್ರಹ ಚಿತ್ರದ ನೆಲವಾದರೆ? ಆ ನೆಲ ಇರುವ ಭೂಪಟದ ಚೌಕದಲ್ಲಿ ಅದರ ಕೆಳಗಿನ ಸಾಲುಗಳನ್ನು ಸಿಮ್ಯುಲೇಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರನ್‌ವೇ ಉಳಿಯುತ್ತದೆ, ಟರ್ಮಿನಲ್ ಕಟ್ಟಡ ಮಾಯ! ಅದಕ್ಕೇ ಈಗ ಸಾಲು ಹೀಗಿದೆ: ನಿಲ್ದಾಣಗಳು, ಲೈಬ್ರರಿಗಳು (ಬೇರೆ ಪ್ಯಾಕೇಜುಗಳು ಬಳಸುವ ಸಿದ್ಧ ವಸ್ತುಗಳು), ಓವರ್‌ಲೇ (ನೆಲದ ಮೇಲೆ ಕೂರುವ ರಸ್ತೆ, ಮರ, ಕಟ್ಟಡ), ಆಮೇಲೆ ಆರ್ಥೋ (ಆ ಉಪಗ್ರಹ ಚಿತ್ರದ ನೆಲ), ಎಲ್ಲಕ್ಕಿಂತ ಕೆಳಗೆ ಮೆಶ್ (ನೆಲದ ಏರಿಳಿತ).

ಚೌಕಗಳ ಲೆಕ್ಕ ನನಗೆ ತುಂಬ ಇಷ್ಟವಾಯಿತು. ಒಂದೊಂದು ಚೌಕವೂ ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶ. ಅದರ ನೈಋತ್ಯ ಮೂಲೆಯ ಅಂಕಿಯೇ ಫೈಲಿನ ಹೆಸರು. ಮುಂಬೈ ನಿಲ್ದಾಣ +19+072, ಪುಣೆ +18+073, ಗೋವಾದ ನಿಲ್ದಾಣಗಳಾದ ದಾಬೋಳಿ ಮತ್ತು ಮೋಪಾ ಎರಡೂ +15+073. ನವಿ ಮುಂಬೈಯ ಹೊಸ ನಿಲ್ದಾಣ ಪುಣೆಯ ಚೌಕಕ್ಕೆ ಸೇರಿದೆ, ಪುಣೆಯವರು ಖುಷಿಪಡಲಿ. ನಮ್ಮ ಡೊಂಬಿವಲಿ ಇವೆರಡರಲ್ಲೂ ಇಲ್ಲ, ಅದು +19+073. ಇದರ ಪರಿಣಾಮ ಮುಂಬೈಯ ರನ್‌ವೇ 27ಕ್ಕೆ ಇಳಿಯುವಾಗ ಎದ್ದು ಕಾಣುತ್ತದೆ. ಪೂರ್ವದಿಂದ ಬರುತ್ತಾ 73 ಡಿಗ್ರಿ ರೇಖೆ ದಾಟುವವರೆಗೆ ಮಾಮೂಲಿ ಹಸಿರು ನೆಲ, ದಾಟಿದ ಕೂಡಲೇ ಉಪಗ್ರಹ ಚಿತ್ರ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರ ಗೆರೆ. ಹಾಗಾಗಿ ಮುಂಬೈಗೆಂದೇ ಎರಡು ಚೌಕ ಮಾಡಿಕೊಂಡೆ.

ಆರ್ಥೋ ಜಾಗ ಜಾಸ್ತಿ ತಿನ್ನುತ್ತದೆ. ಅದನ್ನೆಲ್ಲ ಇನ್ನೊಂದು ಡಿಸ್ಕಿನಲ್ಲಿಟ್ಟು, ಕಸ್ಟಮ್ ಸೀನರಿಯಲ್ಲಿ ವಿಂಡೋಸ್ ಶಾರ್ಟ್‌ಕಟ್ ಮಾತ್ರ ಇಟ್ಟಿದ್ದೇನೆ. ಬೇಡದ ಪ್ಯಾಕೇಜನ್ನು ಅಳಿಸುವುದಿಲ್ಲ. ಐಎನ್‌ಐಯಲ್ಲಿ ಆ ಸಾಲಿನ ಮೊದಲಿರುವ SCENERY_PACK ಅನ್ನು SCENERY_PACK_DISABLED ಎಂದು ಬದಲಿಸಿದರೆ ಸಾಕು. ಗೋವಾದಲ್ಲಿ ಯಾವುದೋ ಲೈಬ್ರರಿ ಇಲ್ಲ ಎಂದು ಎಕ್ಸ್-ಪ್ಲೇನ್ ಗೊಣಗುತ್ತಿತ್ತು. ಲಾಗ್ ಫೈಲಿನಲ್ಲಿ ‘ಫೇಲ್ಡ್ ಟು ಫೈಂಡ್ ರಿಸೋರ್ಸ್’ ಅಂತ ಹುಡುಕಿದೆ, ಲೈಬ್ರರಿಯ ಹೆಸರು ಅಲ್ಲೇ ಸಿಕ್ಕಿತು.

ಮುಂದಿನದು +12+074, ಅಂದರೆ ಮಂಗಳೂರು. ಬಜ್ಪೆಯದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ ಅಲ್ವಾ, ಸುತ್ತಲಿನ ಇಳಿಜಾರು ಸರಿಯಾಗಿ ಕಾಣಬೇಕಾದರೆ ಮೆಶ್ ಸೂಕ್ಷ್ಮವಾಗಿರಬೇಕು. ಪುಣೆಯ ಗೆಳೆಯ ಈಗಲೇ ನನ್ನ ಐಎನ್‌ಐ ಫೈಲ್ ಕೇಳುತ್ತಿದ್ದಾನೆ. ಹಾಗೇ ಕಳಿಸಿದರೆ ಪ್ರಯೋಜನವಿಲ್ಲ, ಶಾರ್ಟ್‌ಕಟ್‌ಗಳ ಜಾಗದಲ್ಲಿ ನನ್ನ ಡಿಸ್ಕಿನ ಪೂರ್ತಿ ವಿಳಾಸ ಕೂತಿದೆ. ಸಾಲಿನ ಕ್ರಮವನ್ನಷ್ಟೇ ಬರೆದು ಕಳಿಸುತ್ತೇನೆ.